ರೀಫ್ ಟ್ಯಾಂಕ್ ಪಕ್ಕಕ್ಕೆ ಒಂದು ಗಿಡ್ಡ ಹವಳದ ಟ್ಯಾಂಕ್: ಅದೇ ಸಂಪ್‌ಗೆ ಜೋಡಿಸಬಹುದಾ?

ಉಪ್ಪುನೀರು_ಜಯನಗರ | ಫೆಬ್ರವರಿ 9, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಮನೆಯಲ್ಲಿ ಒಂದು ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ ಇದೆ. 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರ. ಲೆಕ್ಕಕ್ಕೆ 270 ಲೀಟರ್. ಕಲ್ಲು, ಮರಳು ಕಳೆದರೆ ನೀರು 220 ಲೀಟರ್ ಇರಬಹುದು. ಕೆಳಗೆ 75 x 40 x 40ರ ಸಂಪ್. (ಬೆಂಗಳೂರಿನವರು ಸಂಪ್ ಅಂದ ಕೂಡಲೇ ಗೇಟ್ ಪಕ್ಕದ ಕಾವೇರಿ ನೀರಿನ ತೊಟ್ಟಿ ನೆನೆಸಿಕೊಳ್ಳಬೇಡಿ. ಇದು ಟ್ಯಾಂಕ್ ಕೆಳಗಿನ ಗಾಜಿನ ಪೆಟ್ಟಿಗೆ. ಮೇಲಿನ ನೀರು ಇದಕ್ಕೆ ಇಳಿದು, ಶುದ್ಧವಾಗಿ, ಪಂಪ್‌ನಿಂದ ಮತ್ತೆ ಮೇಲೆ ಹೋಗುತ್ತೆ.)

ಸಾಕಿರುವುದೆಲ್ಲ ಮೆತ್ತನೆ ಹವಳ. ಝೋವಾ (ಗುಂಡಿಯಂಥ ಪುಟ್ಟ ಹವಳ), ಅಣಬೆ ಹವಳ, ಎರಡು ಲೆದರ್ ಹವಳ, ಮೂಲೆಯಲ್ಲಿ ಗ್ರೀನ್ ಸ್ಟಾರ್ ಪಾಲಿಪ್. ಈ ಕೊನೆಯದು ಬಂದಾಗ ರೂಪಾಯಿ ನಾಣ್ಯದಷ್ಟಿತ್ತು. ಈಗ ಹಿಂದಿನ ಗಾಜಿನಲ್ಲಿ ಅರ್ಧ ಅದರದೇ. ಒಂದು ಲೆದರ್ ಊಟದ ತಟ್ಟೆಯಷ್ಟು ಅಗಲ ಆಗಿದೆ, ಅದರ ಕೆಳಗಿನ ಝೋವಾಗಳಿಗೆ ಬೆಳಕೇ ಬೀಳುತ್ತಿಲ್ಲ. ಕತ್ತರಿಸಿ ಹಂಚೋಣ ಅಂದರೆ, ತುಂಡುಗಳು ಕಚ್ಚಿಕೊಳ್ಳುವ ತನಕ ಇಡಲು ಜಾಗ ಇಲ್ಲ.

ಹಾಗಾಗಿ ಪಕ್ಕದಲ್ಲೇ 90 x 60 x 25 ಸೆಂ.ಮೀ.ನ ಒಂದು ಗಿಡ್ಡ ಟ್ಯಾಂಕ್ ಮಾಡಿಸೋಣ ಅಂತಿದ್ದೇನೆ. ನೀರು 20 ಸೆಂ.ಮೀ. ಮಾತ್ರ. ಹಳೇ ಹೊಲಿಗೆ ಮಿಷನ್ ಇದ್ದ ಜಾಗ ಖಾಲಿಯಾಗಿದೆ. ನೆಲದ ಮೇಲೆ ಟೇಪ್ ಅಂಟಿಸಿ ಅಳತೆ ತೋರಿಸಿದೆ. ಅಮ್ಮ ನೋಡಿ, "ಇದೇನೋ, ಟ್ಯಾಂಕಾ ಹರಿವಾಣನಾ?" ಅಂದರು.

ನನ್ನ ಪ್ರಶ್ನೆ ಇಷ್ಟೇ. 108 ಲೀಟರ್ ನೀರು ತಾನೇ? ದೊಡ್ಡ ಟ್ಯಾಂಕ್‌ನ ಅರ್ಧವೂ ಇಲ್ಲ. ಈಗಿರುವ ಸಂಪ್, ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್, ಪಂಪ್ ಅದಕ್ಕೂ ಸಾಕಾಗುತ್ತೆ ಅಲ್ವಾ?


ಪೈಪ್‌ಪುರಾಣ | ಫೆಬ್ರವರಿ 9, ರಾತ್ರಿ 11:05

ಸಾರ್, ಸ್ಕಿಮ್ಮರ್ ಸಾಕಾಗುತ್ತೆ. ಪಂಪ್ ಕೂಡ ಬಹುಶಃ ಸಾಕಾಗುತ್ತೆ. ಸಂಪ್ ಸಾಕಾಗುತ್ತಾ ಅನ್ನೋದು ಬೇರೆ ವಿಷಯ. ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ರಿಟರ್ನ್ ಪಂಪ್‌ನ ಪ್ಲಗ್ ಕಿತ್ತು (ಸಂಪ್‌ನಿಂದ ನೀರನ್ನು ಮೇಲೆ ತಳ್ಳುತ್ತಲ್ಲ, ಅದು) ಹತ್ತು ನಿಮಿಷ ಬಿಡಿ. ಸಂಪ್‌ನಲ್ಲಿ ನೀರು ಎಲ್ಲಿಂದ ಎಲ್ಲಿಗೆ ಏರಿತು ಅಂತ ಸ್ಕೇಲ್ ಇಟ್ಟು ನೋಡಿ ಇಲ್ಲಿ ಹಾಕಿ. ಅದು ಗೊತ್ತಾಗದೆ ಗಾಜು ಕತ್ತರಿಸಲು ಕೊಡಬೇಡಿ.


ಉಪ್ಪುನೀರು_ಜಯನಗರ | ಫೆಬ್ರವರಿ 10, ಬೆಳಿಗ್ಗೆ 7:40

ನೋಡಿದೆ. ಓಡುವಾಗ 23 ಸೆಂ.ಮೀ., ನಿಂತಾಗ 29.


ಪೈಪ್‌ಪುರಾಣ | ಫೆಬ್ರವರಿ 10, ಮಧ್ಯಾಹ್ನ 1:15

ಸರಿ. ನಿಮ್ಮ ಸಂಪ್‌ನ ತಳ 75 x 40, ಒಂದು ಸೆಂ.ಮೀ. ಅಂದರೆ 3 ಲೀಟರ್. ಕರೆಂಟ್ ಹೋದರೆ ದೊಡ್ಡ ಟ್ಯಾಂಕ್‌ನಿಂದ 18 ಲೀಟರ್ ಕೆಳಗೆ ಬರುತ್ತೆ. ಸಂಪ್‌ನ ಬಾಯಿ ತನಕ ಖಾಲಿ ಇರುವುದು 17 ಸೆಂ.ಮೀ., ಅಂದರೆ 51 ಲೀಟರ್. ಉಳಿದದ್ದು 33.

ಈಗ ನಿಮ್ಮ "108 ಲೀಟರ್ ತಾನೇ" ಅನ್ನುವ ಮಾತಿಗೆ ಬರೋಣ. ದೊಡ್ಡ ಟ್ಯಾಂಕ್‌ನ ಮೇಲ್ಮೈ 120 x 45, ಅಂದರೆ 5400 ಚದರ ಸೆಂ.ಮೀ. ಹರಿವಾಣದ್ದು 90 x 60. ಗುಣಿಸಿ ನೋಡಿ. ಅದೂ 5400. ಎರಡರಲ್ಲೂ ಒಂದು ಸೆಂ.ಮೀ. ನೀರು ಇಳಿದರೆ 5.4 ಲೀಟರ್. ಪಂಪ್ ನಿಂತಾಗ ಕೆಳಗೆ ಬರುವ ನೀರಿಗೆ ಟ್ಯಾಂಕ್ ಎಷ್ಟು ಆಳ ಅನ್ನೋದು ಗೊತ್ತಿಲ್ಲ, ಎಷ್ಟು ಅಗಲ ಅನ್ನೋದು ಮಾತ್ರ ಗೊತ್ತು. ನೀವು ತರುತ್ತಿರುವುದು ಅರ್ಧ ಟ್ಯಾಂಕ್ ಅಲ್ಲ, ಎರಡನೇ ಪೂರ್ತಿ ಟ್ಯಾಂಕ್.

ಅಪಾಯ ಎಲ್ಲಿ ಅಂದರೆ ರಿಟರ್ನ್ ಪೈಪ್‌ನ ತುದಿಯಲ್ಲಿ. ಅದು ನೀರಿನೊಳಗೆ 6 ಸೆಂ.ಮೀ. ಮುಳುಗಿದೆ ಅಂತಿಟ್ಟುಕೊಳ್ಳಿ. ಪಂಪ್ ನಿಂತ ಕ್ಷಣ ಅದೇ ಪೈಪ್ ಉಲ್ಟಾ ಎಳೆಯುತ್ತೆ. ತುದಿಗೆ ಗಾಳಿ ಸಿಗುವ ತನಕ ಬಿಡೋದಿಲ್ಲ. 6 ಸೆಂ.ಮೀ. ಅಂದರೆ 32 ಲೀಟರ್. 18ಕ್ಕೆ 32 ಕೂಡಿಸಿದರೆ 50. ನಿಮ್ಮ ಹತ್ತಿರ ಇರುವುದು 51. ಪೈಪಿನೊಳಗಿನ ನೀರು, ಸ್ಕಿಮ್ಮರ್‌ನಿಂದ ಇಳಿಯುವ ನೀರು ಬೇರೆ. ನೆಲ ಒದ್ದೆ ಆಗೋದು ಖಂಡಿತ.

ತುದಿಯನ್ನು ನೀರಿನ ಮಟ್ಟದಿಂದ ಒಂದು, ಒಂದೂವರೆ ಸೆಂ.ಮೀ. ಕೆಳಗೆ ಮಾತ್ರ ಇಡಿ. ಆಗ 8 ಲೀಟರ್‌ನಲ್ಲಿ ಮುಗಿಯುತ್ತೆ. ಜೊತೆಗೆ ಪೈಪ್‌ನಲ್ಲಿ ಗಾಳಿ ಎಳೆಯಲು ಒಂದು ತೂತು ಕೊರೆಯಿರಿ. ಚೆಕ್ ವಾಲ್ವ್ ಹಾಕ್ತೀನಿ ಅನ್ನಬೇಡಿ. ಉಪ್ಪುನೀರಿನಲ್ಲಿ ಅದರ ಬಾಯಿಗೆ ಸುಣ್ಣ ಕಟ್ಟುತ್ತೆ, ಒಂದು ಮರಳಿನ ಕಾಳು ಸಿಕ್ಕಿದರೂ ಮುಚ್ಚೋದಿಲ್ಲ.


ಗ್ಯಾರೇಜ್_ರೀಫ್ | ಫೆಬ್ರವರಿ 10, ರಾತ್ರಿ 9:30

ಸ್ಯಾನ್ ಹೋಸೆಯಿಂದ ನಮಸ್ಕಾರ. ನನ್ನ ಹತ್ತಿರ ಇದೇ ಥರದ್ದು ಮೂರು ವರ್ಷದಿಂದ ಇದೆ, ಗ್ಯಾರೇಜ್‌ನಲ್ಲಿ. ನನ್ನ ಸಲಹೆ: ಜೋಡಿಸಿ. ಬೇರೆ ಇಟ್ಟರೆ ಸಣ್ಣ ನೀರು. ಉಪ್ಪು, ಉಷ್ಣಾಂಶ, ಕ್ಷಾರತೆ ಎಲ್ಲ ದಿನದಲ್ಲೇ ಮೇಲೆ ಕೆಳಗೆ ಆಗುತ್ತೆ. ಜೋಡಿಸಿದರೆ ಹೊಸ ಟ್ಯಾಂಕ್ ಪಳಗುವ ತನಕ ಕಾಯುವುದೂ ಬೇಡ, ಹಳೇ ನೀರೇ ಅಲ್ವಾ. ಹೊಸ ಗಾಜಿನ ಮೇಲೆ ಕೆಲವು ವಾರ ಕಂದು ಪೊರೆ ಬರುತ್ತೆ, ಹೆದರಬೇಡಿ, ಹೋಗುತ್ತೆ.

ಒಂದು ತಪ್ಪು ಮಾತ್ರ ಮಾಡಬೇಡಿ. ದೊಡ್ಡ ಟ್ಯಾಂಕ್‌ನಿಂದ ಹೊರಬಿದ್ದ ನೀರನ್ನು ಗಿಡ್ಡ ಟ್ಯಾಂಕ್‌ಗೆ, ಅಲ್ಲಿಂದ ಸಂಪ್‌ಗೆ, ಹೀಗೆ ಸರಪಳಿ ಮಾಡಲು ಹೋಗಬೇಡಿ. ಪೈಪ್ ಉಳಿಯುತ್ತೆ ಅಂತ ನಾನು ಮಾಡಿದ್ದೆ. ಪೂರ್ತಿ ಪಂಪ್‌ನ ನೀರು ಆ 20 ಸೆಂ.ಮೀ. ಒಳಗೆ ನುಗ್ಗಿ, ತುಂಡುಗಳು ಒಂದು ಮೂಲೆಗೆ ಗುಡಿಸಿದ ಹಾಗೆ ಸೇರಿದ್ದವು. ಪಂಪ್ ಹತ್ತಿರ ಒಂದು ಟೀ ಹಾಕಿ, ವಾಲ್ವ್ ಇಟ್ಟು, ಗಂಟೆಗೆ 400-500 ಲೀಟರ್ ಮಾತ್ರ ಬಿಡಿ. ಅಲೆ ಬೇಕಾದರೆ ಎರಡು ಸಣ್ಣ ವೇವ್‌ಮೇಕರ್ ಎದುರುಬದುರು ಇಡಿ.

ಚಳಿಗಾಲದಲ್ಲಿ ನನ್ನ ಹೀಟರ್ ಸುಸ್ತಾಗುತ್ತೆ. ನಿಮಗೆ ಆ ಕಷ್ಟ ಇಲ್ಲ.


ಅಣಬೆ_ಅಕ್ಕ | ಫೆಬ್ರವರಿ 11, ಬೆಳಿಗ್ಗೆ 6:50

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ. ಜೋಡಿಸೋದು ತಪ್ಪಲ್ಲ. ಆದರೆ ಜೋಡಿಸಿದ ಮೇಲೆ ಅದು ನಿಮ್ಮ ಸ್ವಂತ ಹವಳ ಬೆಳೆಸುವ ಜಾಗ ಅಷ್ಟೇ. ಹೊರಗಿನಿಂದ ತಂದ ತುಂಡನ್ನು "ಗಿಡ್ಡ ಟ್ಯಾಂಕ್‌ನಲ್ಲಿ ಒಂದು ತಿಂಗಳು ಇಟ್ಟು ನೋಡೋಣ" ಅಂತ ಇಡುವ ಹಾಗಿಲ್ಲ. ನೀರು ಒಂದೇ. ಅಲ್ಲಿ ಬಿಟ್ಟ ಚಪ್ಪಟೆ ಹುಳು ಇಲ್ಲೂ ಬರುತ್ತೆ. ಕಳೆಯ ಹಾಗೆ ಹಬ್ಬುವ ಐಪ್ಟೇಸಿಯಾದ ಚೂರು ಪೈಪ್‌ನಲ್ಲಿ ಹೋಗುತ್ತೆ. ಮೀನಿನ ಬಿಳಿ ಚುಕ್ಕೆ ರೋಗದ ಗೂಡು ಪ್ಲಗ್‌ಗೆ (ಹವಳದ ತುಂಡು ಅಂಟಿಸುವ ಬಿಲ್ಲೆ) ಅಂಟಿಕೊಂಡೇ ಬರಬಹುದು. ಅದಕ್ಕೆ ಹವ್ಯಾಸಿಗಳು ಮೀನಿಲ್ಲದ ಟ್ಯಾಂಕ್‌ನಲ್ಲಿ 76 ದಿನ ಇಡಿ ಅನ್ನೋದು.

ನನ್ನ ಮನೆಯಲ್ಲಿ 20 ಲೀಟರ್‌ನ ಒಂದು ಪುಟ್ಟ ಟ್ಯಾಂಕ್ ಅಡುಗೆಮನೆ ಆಚೆ ಯುಟಿಲಿಟಿಯಲ್ಲಿದೆ. ಬಂದದ್ದೆಲ್ಲ ಮೊದಲು ಅಲ್ಲಿ. ಝೋವಾಗಳನ್ನು ರಾತ್ರಿ ಟಾರ್ಚ್ ಬಿಟ್ಟು ನೋಡಿ. ಝೋವಾ ತಿನ್ನುವ ಬೆತ್ತಲೆ ಬಸವನಹುಳು ಅದೇ ಬಣ್ಣದ ಕುಚ್ಚು ಹೊತ್ತುಕೊಂಡು ಕೂತಿರುತ್ತೆ. ಹಗಲು ಕಾಣೋದೇ ಇಲ್ಲ.

ಇನ್ನೊಂದು, ಇದು ತಮಾಷೆ ಅಲ್ಲ. ನೀವು ಝೋವಾ ಕತ್ತರಿಸ್ತೀನಿ ಅಂದಿರಿ. ಪಾಲಿಥೋವಾ ಜಾತಿಯಲ್ಲಿ, ಕೆಲವು ಝೋವಾಗಳಲ್ಲೂ, ಪಾಲಿಟಾಕ್ಸಿನ್ ಅನ್ನೋ ವಿಷ ಇರುತ್ತೆ. ಕಣ್ಣಿಗೆ ಹಾರಿದರೂ ಗಾಯಕ್ಕೆ ತಾಗಿದರೂ ಆಸ್ಪತ್ರೆ ಸೇರಬೇಕಾಗಬಹುದು. ಗ್ಲೌಸ್, ಕನ್ನಡಕ ಹಾಕದೆ ಕತ್ತರಿ ಹಿಡಿಯಬೇಡಿ. ಝೋವಾ ಇದ್ದ ಕಲ್ಲನ್ನು ತೊಳೆಯಲು ಕುದಿಸೋದು, ಬಿಸಿನೀರು ಹಾಕೋದು ಸುತರಾಂ ಬೇಡ. ಕುದಿಸಿದರೆ ವಿಷ ಸಾಯೋದಿಲ್ಲ, ಆವಿಯ ಜೊತೆ ಮನೆ ತುಂಬುತ್ತೆ. ಬೇರೆ ದೇಶಗಳಲ್ಲಿ ಹೀಗೆ ಕುದಿಸಿ ಇಡೀ ಕುಟುಂಬಗಳೇ ಆಸ್ಪತ್ರೆಗೆ ಸೇರಿವೆ. ಮನೆಯಲ್ಲಿ ಅಮ್ಮ ಇದ್ದಾರೆ ಅಂದಿರಲ್ಲ, ಕತ್ತರಿಸುವ ಕೆಲಸ ಬಾಲ್ಕನಿಯಲ್ಲಿ ಇಟ್ಟುಕೊಳ್ಳಿ. ಅಡುಗೆಮನೆಯ ಪಾತ್ರೆ, ಕತ್ತರಿ ಮುಟ್ಟಬೇಡಿ.


ಉಪ್ಪುನೀರು_ಜಯನಗರ | ಫೆಬ್ರವರಿ 11, ರಾತ್ರಿ 8:15

ಅಕ್ಕ, ಇದು ನಿಜಕ್ಕೂ ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ಬರಿಗೈಯಲ್ಲೇ ಎತ್ತಿ ಇಡ್ತಿದ್ದೆ. ಗ್ಲೌಸ್, ಕನ್ನಡಕ ಇವತ್ತೇ ತಂದೆ.

ಪೈಪ್ ಅಣ್ಣ, 5400ರ ಲೆಕ್ಕ ನೋಡಿ ಹತ್ತು ನಿಮಿಷ ಸುಮ್ನೆ ಕೂತಿದ್ದೆ. ಗಾಜು ಕತ್ತರಿಸಲು ಇನ್ನೂ ಕೊಟ್ಟಿಲ್ಲ. ಭಾರದ ಬಗ್ಗೆ ಒಂದು ಮಾತು ಹೇಳಿ. ನಮ್ಮದು ಎರಡನೇ ಮಹಡಿ.


ಪೈಪ್‌ಪುರಾಣ | ಫೆಬ್ರವರಿ 11, ರಾತ್ರಿ 10:00

ನೀರು 108 ಕೆ.ಜಿ. ಗಾಜು 10 ಮಿ.ಮೀ. ಆದರೆ ಚದರ ಮೀಟರ್‌ಗೆ 25 ಕೆ.ಜಿ., ನಿಮಗೆ ಒಟ್ಟು 32. ಸ್ಟ್ಯಾಂಡ್ ಸೇರಿ 165 ಅಂತಿಟ್ಟುಕೊಳ್ಳಿ. ವಾಸದ ಮನೆಯ ನೆಲವನ್ನು ಐಎಸ್ 875 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಚದರ ಮೀಟರ್‌ಗೆ ಸುಮಾರು 200 ಕೆ.ಜಿ. ಲೆಕ್ಕದಲ್ಲಿ ಕಟ್ಟುತ್ತಾರೆ. ಅದು ಇಡೀ ಕೋಣೆಗೆ ಹರಡಿದ ಲೆಕ್ಕ. ಆದ್ದರಿಂದ ಗಿಡ್ಡ ಟ್ಯಾಂಕ್ ಒಂದೇ ಆದರೆ ನನಗೆ ಭಯ ಇಲ್ಲ. ದೊಡ್ಡದೂ ಅದೇ ಗೋಡೆಗೆ ಇದೆಯಲ್ಲ, ಅದೇ ಯೋಚನೆ. ಕೆಳಗೆ ಬೀಮ್ ಇರುವ ಗೋಡೆಗೆ ಒತ್ತಿ ಇಡಿ. ಹಳೇ ಕಟ್ಟಡ ಆದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಗಾಜಿನವರಿಗೆ ಹೇಳಿಬಿಡಿ: ಟಫನ್ಡ್ ಗಾಜು ಬೇಡ. ಅದಕ್ಕೆ ತೂತು ಕೊರೆಯಲು ಹೋದರೆ ಪುಡಿಪುಡಿ. ಟ್ಯಾಂಕ್ ನಿಪ್ಪಲ್ ಮೊದಲು ಕೊಳ್ಳಿ, ಅದನ್ನು ಕೈಯಲ್ಲಿ ಕೊಟ್ಟು ಅದರ ಅಳತೆಗೆ ತೂತು ಹೊಡೆಸಿ. ಎರಡು ತೂತು. ಒಂದರಲ್ಲಿ ನೀರು ಇಳಿಯಲಿ. ಇನ್ನೊಂದು ಒಂದು ಸೆಂ.ಮೀ. ಎತ್ತರದಲ್ಲಿ ಒಣಗಿಕೊಂಡೇ ಇರಲಿ, ಮೊದಲನೆಯದು ಕಟ್ಟಿಕೊಂಡ ದಿನ ಅದು ಬೇಕು. 25 ಸೆಂ.ಮೀ. ಟ್ಯಾಂಕ್‌ನಲ್ಲಿ ತುಂಬಿ ಹೊರಚೆಲ್ಲಲು ಜಾಗ ಬರೀ 5 ಸೆಂ.ಮೀ. ಇರೋದು.


ಹೊಸಬ_23 | ಫೆಬ್ರವರಿ 12, ಮಧ್ಯಾಹ್ನ 3:45

ಎಲ್ಲರೂ ಮೆತ್ತನೆ ಹವಳ ಅಂತಿದ್ದೀರಿ. ಗಿಡ್ಡ ಟ್ಯಾಂಕ್ ಅಂದರೆ ಅಕ್ರೋಪೋರಾ ಥರದ ಗಟ್ಟಿ ಹವಳಕ್ಕೆ ಹೇಳಿ ಮಾಡಿಸಿದ್ದು ಅಲ್ವಾ? ವಿಡಿಯೋಗಳಲ್ಲಿ ಎಲ್ಲ ಅದೇ. ನಾನೂ ಅದೇ ಮಾಡೋಣ ಅಂತಿದ್ದೆ.


ಅಣಬೆ_ಅಕ್ಕ | ಫೆಬ್ರವರಿ 12, ಸಂಜೆ 5:20

ಆ ವಿಡಿಯೋಗಳು ನಮ್ಮ ದೇಶದ್ದಲ್ಲಪ್ಪ. ಇಲ್ಲಿ ಗಟ್ಟಿ ಹವಳ ಎಲ್ಲವೂ, ಅಂದರೆ ಸ್ಕ್ಲೆರಾಕ್ಟಿನಿಯಾ ಗುಂಪು ಪೂರ್ತಿ, 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವ ಪಟ್ಟಿ ಅದು. ಅಕ್ರೋಪೋರಾ, ಮಾಂಟಿಪೋರಾ, ಟಾರ್ಚ್ ಹವಳ, ಹ್ಯಾಮರ್ ಹವಳ ಎಲ್ಲ ಅದರಲ್ಲೇ ಬಂತು. ಕರಿ ಹವಳ, ಬೆಂಕಿ ಹವಳ, ಆರ್ಗನ್ ಪೈಪ್, ಸೀ ಫ್ಯಾನ್ ಕೂಡ. ಅಂಗಡಿಯವರು "ಇಂಪೋರ್ಟೆಡ್ ಸಾರ್, ಏನೂ ಆಗಲ್ಲ" ಅಂತ ಬಿಲ್ ಕೊಡಬಹುದು. ಬಿಲ್ ಅನ್ನೋದು ಪರವಾನಗಿ ಅಲ್ಲ. ಝೋವಾ, ಅಣಬೆ, ಲೆದರ್‌ನಲ್ಲೇ ಬೇಕಾದಷ್ಟು ಬಣ್ಣ ಇದೆ. ನನ್ನ ಹೆಸರೇ ನೋಡಿ.


ಗ್ಯಾರೇಜ್_ರೀಫ್ | ಫೆಬ್ರವರಿ 12, ರಾತ್ರಿ 9:10

ಅಕ್ಕ ಹೇಳಿದ್ದು ಸರಿ. ನನ್ನ ಟ್ಯಾಂಕ್‌ನಲ್ಲಿ ಅಕ್ರೋಪೋರಾ ಇದೆ, ಇಲ್ಲಿ ಅದು ಇನ್ನೊಬ್ಬ ಹವ್ಯಾಸಿ ಬೆಳೆಸಿದ ತುಂಡಾಗಿ ಸಿಗುತ್ತೆ. ಅದರ ಫೋಟೋ ಹಾಕಿ ನಿಮ್ಮ ಆಸೆ ಕೆರಳಿಸೋದಿಲ್ಲ ಬಿಡಿ.


ಕಡಲತಡಿ | ಫೆಬ್ರವರಿ 13, ಬೆಳಿಗ್ಗೆ 9:00

ಮಂಗಳೂರಿನಿಂದ ಒಂದು ಮಾತು. ಗಟ್ಟಿ ಹವಳ ನೋಡಬೇಕು ಅಂದರೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ನೀರಿಗೆ ಇಳಿದು ನೋಡಿ ಬನ್ನಿ. ಕೈ ಹಾಕಬೇಡಿ.

ಗಿಡ್ಡ ಟ್ಯಾಂಕ್‌ನ ಬಗ್ಗೆ ಯಾರೂ ಇನ್ನೂ ಆವಿಯ ಮಾತು ಎತ್ತಿಲ್ಲ. ಕಾಫಿ ಬೇಗ ಆರಲಿ ಅಂತ ಬಸಿಗೆ ಸುರಿದುಕೊಳ್ತೀವಿ ಅಲ್ವಾ? ನೀವು ಮಾಡ್ತಿರೋದು ಅದನ್ನೇ. ಅಗಲ ಎರಡರಷ್ಟು ಆದರೆ ಆವಿಯೂ ಹೆಚ್ಚುಕಡಿಮೆ ಎರಡರಷ್ಟು. ಹಾರೋದು ಬರೀ ನೀರು, ಉಪ್ಪು ಉಳಿಯುತ್ತೆ. ಆದ್ದರಿಂದ ದಿನಾ ಸಿಹಿನೀರು ಸೇರಿಸಬೇಕು. ಈಗ ದಿನಕ್ಕೆ ಎಷ್ಟು ಹಾಕ್ತಿದ್ದೀರಿ?

ನಮ್ಮಲ್ಲಿ ಗಾಳಿಯೇ ಒದ್ದೆ. ಫ್ಯಾನ್ ಹಾಕಿದರೂ ನೀರು ಆರೋದಿಲ್ಲ, ತಣ್ಣಗಾಗೋದೂ ಇಲ್ಲ. ಚಿಲ್ಲರ್ ಇಲ್ಲದೆ ಏಪ್ರಿಲ್ ಕಳೆಯೋ ಹಾಗಿಲ್ಲ. ಬೆಂಗಳೂರಿನ ಒಣ ಬೇಸಿಗೆಯಲ್ಲಿ ಉಲ್ಟಾ. ನಿಮಗೆ ಫ್ಯಾನ್ ಸಾಕು, ನೀರು ಹೊರುವ ಕೆಲಸ ಜಾಸ್ತಿ.


ಉಪ್ಪುನೀರು_ಜಯನಗರ | ಫೆಬ್ರವರಿ 13, ರಾತ್ರಿ 8:40

ದಿನಕ್ಕೆ 4 ಲೀಟರ್ ಆಗುತ್ತೆ ಸಾರ್. 20 ಲೀಟರ್ ಕ್ಯಾನ್ ಇಟ್ಟು, ಮಟ್ಟ ಇಳಿದರೆ ಸಣ್ಣ ಪಂಪ್‌ನಿಂದ ತಾನೇ ತುಂಬುವ ಸೆನ್ಸರ್ ಹಾಕಿದ್ದೇನೆ. ಐದು ದಿನ ಬರುತ್ತೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣ) 700ರ ಮೇಲೆ. ಆರ್‌ಒ, ಆಮೇಲೆ ಡಿಐ (ಉಳಿದ ಲವಣ ತೆಗೆಯುವ ಫಿಲ್ಟರ್) ಎರಡೂ ದಾಟಿಸಿ ಸೊನ್ನೆ ಮಾಡಿಕೊಳ್ತೀನಿ. ಆರ್‌ಒದಿಂದ ಹೊರಬಿದ್ದ ನೀರು ನೆಲ ಒರೆಸಲು.

ಇದು ಎರಡರಷ್ಟು ಆಗುತ್ತೆ ಅಂದರೆ ಊರಿಗೆ ಹೋಗೋದು ಹೇಗೆ?


ಮೈಸೂರು_ರೀಫ್ | ಫೆಬ್ರವರಿ 14, ಬೆಳಿಗ್ಗೆ 10:30

ಊರಿಗೆ ಹೋಗಲಿ ಅಂತ 60 ಲೀಟರ್ ಡ್ರಮ್ ಇಡಬೇಡಿ, ನಾನು ಇಟ್ಟು ಅನುಭವಿಸಿದವನು. ಸೆನ್ಸರ್ ಕೈಕೊಟ್ಟರೆ ಆ 60 ಲೀಟರ್ ಸಿಹಿನೀರೂ ಒಳಗೆ ಹೋಗುತ್ತೆ. ನಿಮ್ಮ ಒಟ್ಟು ನೀರು 390 ಲೀಟರ್ ಅಂದರೆ, ಉಪ್ಪು ಸಾವಿರಕ್ಕೆ 35 ಇದ್ದದ್ದು 30ಕ್ಕೆ ಇಳಿಯುತ್ತೆ. ಝೋವಾಗಳು ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಳ್ತವೆ. ಅದಕ್ಕೂ ಮೊದಲು ಸಂಪ್ ತುಂಬಿ ಚೆಲ್ಲಬಹುದು. ದೊಡ್ಡ ಡ್ರಮ್ ಬೇಕೇ ಬೇಕು ಅಂದರೆ ಸಿಹಿನೀರು ತುಂಬುವ ಆ ಪಂಪ್‌ಗೆ ಟೈಮರ್ ಹಾಕಿ. ಗಂಟೆಗೊಮ್ಮೆ ಒಂದೆರಡು ನಿಮಿಷ ಮಾತ್ರ ಕರೆಂಟ್ ಸಿಗಲಿ. ಮೇಲೊಂದು ಫ್ಲೋಟ್ ಸ್ವಿಚ್ ಇರಲಿ.

ಲೈಟ್ ಬಗ್ಗೆ. ದೊಡ್ಡ ಟ್ಯಾಂಕ್‌ನ ತಳದಲ್ಲಿ ಬೆಳೆದ ತುಂಡನ್ನು ಗಿಡ್ಡ ಟ್ಯಾಂಕ್‌ಗೆ ತಂದಾಗ ಅದು ನೆರಳಿನಿಂದ ನೆತ್ತಿ ಬಿಸಿಲಿಗೆ ಬಂದ ಹಾಗೆ. ನೀರು 20 ಸೆಂ.ಮೀ., ಅದರಲ್ಲಿ ರ‍್ಯಾಕ್ 8 ಸೆಂ.ಮೀ. ಎತ್ತರ ಇದ್ದರೆ ಹವಳದ ಮೇಲೆ ಇರುವುದು ಹನ್ನೆರಡೇ ಸೆಂ.ಮೀ. ನೀರು. ಝೋವಾ, ಅಣಬೆಗೆ 50ರಿಂದ 150 ಪಾರ್ (ಹವಳಕ್ಕೆ ದಕ್ಕುವ ಬೆಳಕಿನ ಅಳತೆ) ಸಾಕು. ಅಣಬೆಗೆ ಕಡಿಮೆಯೇ ಒಳ್ಳೇದು. ಲೈಟನ್ನು ಹತ್ತಿರ ಇಟ್ಟು ಮಂಕು ಮಾಡಬೇಡಿ. ಹತ್ತಿರ ಇಟ್ಟರೆ ನಡುವೆ ಸುಡುತ್ತೆ, ಮೂಲೆ ಕತ್ತಲೆ. 40-45 ಸೆಂ.ಮೀ. ಎತ್ತರಕ್ಕೆ ತೂಗು ಹಾಕಿ, ಹರಡಲಿ. ಮೊದಲ ವಾರ 30-40 ಪರ್ಸೆಂಟ್, ಆಮೇಲೆ ವಾರ ವಾರ ಸ್ವಲ್ಪ ಏರಿಸಿ.

ರ‍್ಯಾಕ್‌ಗೆ ಎಗ್ ಕ್ರೇಟ್ (ಚೌಕ ಕಣ್ಣಿನ ಜಾಲರಿ ಶೀಟ್) ಹುಡುಕುವಾಗ ಹುಷಾರು. ಫಾಲ್ಸ್ ಸೀಲಿಂಗ್ ಅಂಗಡಿಗಳಲ್ಲಿ ಎಸಿ ಗ್ರಿಲ್‌ಗೆ ಕೊಡೋದು ಬಹಳ ಸಲ ಅಲ್ಯೂಮಿನಿಯಂ. ಪ್ಲಾಸ್ಟಿಕ್ ಬೇಕು ಅಂತ ಕೇಳಿ. ಇಲ್ಲದಿದ್ದರೆ ಅಕ್ರಿಲಿಕ್ ಶೀಟ್‌ಗೆ ತೂತು ಹೊಡೆಸಿ.


ಉಪ್ಪುನೀರು_ಜಯನಗರ | ಮಾರ್ಚ್ 8, ಸಂಜೆ 6:30

ಹರಿವಾಣ ಬಂತು! ಮೆಟ್ಟಿಲಲ್ಲಿ ನಾಲ್ಕು ಜನ ಹೊತ್ತರು. ಸ್ಟ್ಯಾಂಡ್ ಮೇಲೆ ಕೂರಿಸಿ, ಪೈಪ್ ಕೆಲಸ ಮುಗಿದಿದೆ. ಮನೆಗೆ ಯಾವಾಗಲೂ ಬರುವ ಪ್ಲಂಬರೇ ಮಾಡಿದರು. ಸಿಹಿನೀರು ತುಂಬಿ ಸೋರುತ್ತಾ ಅಂತ ನೋಡ್ತಿದ್ದೇನೆ. ಫೋಟೋ ಹಾಕಿದ್ದೇನೆ, ಏನಾದರೂ ತಪ್ಪು ಕಂಡರೆ ಹೇಳಿ. ಉಪ್ಪುನೀರು ನಾಳೆ.


ಪೈಪ್‌ಪುರಾಣ | ಮಾರ್ಚ್ 8, ಸಂಜೆ 6:52

ಸಾರ್, ನಾಳೆ ಉಪ್ಪುನೀರು ಬಿಡಬೇಡಿ. ಮೂರನೇ ಫೋಟೋ. ಪಂಪ್‌ನಿಂದ ಮೇಲೆ ಹೋಗುವ ಪೈಪ್‌ನ ಎರಡನೇ ಎಲ್ಬೋ ಒಳಗೆ ಹಳದಿ ಹೊಳೀತಿದೆ. ಅದು ಹಿತ್ತಾಳೆಯ ಮರೆ (ಥ್ರೆಡ್) ಇರುವ ಎಲ್ಬೋ, ಬಚ್ಚಲುಮನೆ ನಲ್ಲಿಗೆ ಹಾಕುವಂಥದ್ದು. ಹಿತ್ತಾಳೆ ಅಂದರೆ ತಾಮ್ರ. ಉಪ್ಪುನೀರು ಅದನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತೆ. ಮೊದಲು ಬಸವನಹುಳು, ಸೀಗಡಿ ಸಾಯ್ತವೆ, ಆಮೇಲೆ ಹವಳ.


ಉಪ್ಪುನೀರು_ಜಯನಗರ | ಮಾರ್ಚ್ 8, ರಾತ್ರಿ 7:30

ಅಯ್ಯೋ. ಕನ್ನಡಕ ಹಾಕಿ ಬಗ್ಗಿ ನೋಡಿದೆ, ಹೌದು. ಪ್ಲಂಬರ್‌ಗೆ ಫೋನ್ ಮಾಡಿದರೆ, "ಪ್ಲಾಸ್ಟಿಕ್ ಮರೆ ಸವೆದುಹೋಗುತ್ತೆ ಸಾರ್, ಗಟ್ಟಿ ಇರಲಿ ಅಂತ ಒಳ್ಳೇದೇ ಹಾಕಿದೆ" ಅಂತಾರೆ. ಅವರ ತಪ್ಪಲ್ಲ. ನಾನು ಹೇಳಿರಲಿಲ್ಲ. ನಾಳೆ ಅಷ್ಟು ಪೈಪ್ ಕತ್ತರಿಸಿ ಬರೀ ಯುಪಿವಿಸಿ ಹಾಕಿಸ್ತೀನಿ, ಜೊತೆಗೆ ಒಂದು ಯೂನಿಯನ್.


ಪೈಪ್‌ಪುರಾಣ | ಮಾರ್ಚ್ 8, ರಾತ್ರಿ 7:45

ಒಳ್ಳೇ ಪ್ಲಂಬರ್ ಅವರು, ನಲ್ಲಿಗೆ ಅದೇ ಸರಿ. ಅಂದ ಹಾಗೆ ರಿಟರ್ನ್ ತುದಿ ಇನ್ನೂ ಆಳದಲ್ಲೇ ಇದೆಯಲ್ಲ?


ಉಪ್ಪುನೀರು_ಜಯನಗರ | ಮಾರ್ಚ್ 8, ರಾತ್ರಿ 8:05

ಹೌದು, 6 ಸೆಂ.ಮೀ. ಮೇಲೆ ಇಟ್ಟರೆ ಗುಳುಗುಳು ಸದ್ದು ಬರುತ್ತೆ, ಅಮ್ಮನಿಗೆ ನಿದ್ದೆ ಬರೋದಿಲ್ಲ. ಗಾಳಿ ತೂತು ಕೊರೆದಿದ್ದೇನೆ. ಪ್ಲಗ್ ಕಿತ್ತು ಮೂರು ಸಲ ನೋಡಿದೆ, ಮೂರು ಸಲವೂ ಸರಿಯಾಗಿ ನಿಂತಿತು.


ಪೈಪ್‌ಪುರಾಣ | ಮಾರ್ಚ್ 8, ರಾತ್ರಿ 8:10

ಹೊಸ ತೂತು ಯಾವಾಗಲೂ ಕೆಲಸ ಮಾಡುತ್ತೆ ಸಾರ್.


ಉಪ್ಪುನೀರು_ಜಯನಗರ | ಏಪ್ರಿಲ್ 2, ಬೆಳಿಗ್ಗೆ 5:50

ಪೈಪ್ ಅಣ್ಣನ ಬಾಯಿ ಹರಕೆ.

ರಾತ್ರಿ ಮೂರು ಗಂಟೆಗೆ ಕರೆಂಟ್ ಹೋಯಿತು. ಇನ್ವರ್ಟರ್‌ಗೆ ವೇವ್‌ಮೇಕರ್ ಮಾತ್ರ ಕೊಟ್ಟಿದ್ದೆ, ರಿಟರ್ನ್ ಪಂಪ್ ಇಲ್ಲ. ಅಮ್ಮ ನೀರು ಕುಡಿಯಲು ಎದ್ದವರು "ಏನೋ ಇದು, ನೆಲ ಎಲ್ಲ ಅಂಟಂಟು" ಅಂತ ಕೂಗಿದರು. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಸಂಪ್ ಬಾಯಿ ತನಕ ತುಂಬಿ, ಅಂಚಿನಿಂದ ಸದ್ದಿಲ್ಲದೆ ಹಾಳೆಯಂತೆ ಇಳೀತಿದೆ. ಹರಿವಾಣದಲ್ಲಿ ನೀರು ಆರು ಸೆಂ.ಮೀ. ಕೆಳಗೆ. ಮೇಲಿನ ಸಾಲಿನ ಝೋವಾಗಳು ಗಾಳಿಯಲ್ಲಿ ಮುದುಡಿ ಕೂತಿವೆ.

ಯಾಕೆ ಅಂತ ಪೈಪ್ ಹತ್ತಿರ ಟಾರ್ಚ್ ಹಿಡಿದೆ. ಆ ಗಾಳಿ ತೂತಿನ ಮೇಲೆ ಒಂದು ಬಸವನಹುಳು. ಸರಿಯಾಗಿ ತೂತಿನ ಮೇಲೆ. ಪಾದ ಒತ್ತಿಕೊಂಡು, ಬಿರಡೆ ಹಾಕಿದ ಹಾಗೆ. ಪಾಚಿ ಕೆರೆಯಲಿ ಅಂತ ಹೋದ ವಾರ ಬಿಟ್ಟ ಟ್ರೋಕಸ್ ಅದು. ಕಿತ್ತರೆ "ಟಪ್" ಅಂತು, ಆಮೇಲೆ ಪೈಪ್ ಸುಂಯ್ ಅಂತ ಗಾಳಿ ಎಳೀತು.

ಚೆಲ್ಲಿದ್ದು ಮೂರು ನಾಲ್ಕು ಲೀಟರ್ ಇರಬಹುದು. ಅದೃಷ್ಟಕ್ಕೆ ಸ್ಪೈಕ್ ಬಸ್ಟರ್ ಗೋಡೆಗೆ ಮೇಲೆ ಹೊಡೆದಿದ್ದೆ. ಅಮ್ಮ ಹಳೇ ಸೀರೆ ಹಾಕಿ ಒರೆಸಿ, ಸಿಹಿನೀರಿನಲ್ಲಿ ಮತ್ತೆ ಎರಡು ಸಲ ಒರೆಸಿದರು. ನನ್ನ ಜೊತೆ ಇನ್ನೂ ಮಾತಾಡಿಲ್ಲ.


ಪೈಪ್‌ಪುರಾಣ | ಏಪ್ರಿಲ್ 2, ಬೆಳಿಗ್ಗೆ 7:15

ನಗಬಾರದು, ಆದರೂ ನಗು ಬಂತು, ಕ್ಷಮಿಸಿ. ತೂತು ಅನ್ನೋದು ಎರಡನೇ ಕಾವಲು, ಮೊದಲನೆಯದಲ್ಲ. ತುದಿ ಮೇಲೆತ್ತಿ. ಸದ್ದಿಗೆ ಒಂದು ಉಪಾಯ ಇದೆ. ತುದಿಗೆ ಒಂದು ಟೀ ಹಾಕಿ ಎರಡು ಕಡೆಗೆ ಅಡ್ಡಲಾಗಿ ಬಿಡಿ, ನೀರಿನ ವೇಗ ಇಳಿಯುತ್ತೆ. ಒಂದೂವರೆ ಸೆಂ.ಮೀ. ಆಳದಲ್ಲೂ ಗುಳುಗುಳು ಇರೋದಿಲ್ಲ. ಮತ್ತೆ ಪ್ಲಗ್ ಇರುವ ಲೈನ್‌ಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದು, ಹವಳ ಆಮೇಲೆ.


ಅಣಬೆ_ಅಕ್ಕ | ಏಪ್ರಿಲ್ 2, ಬೆಳಿಗ್ಗೆ 8:00

ಝೋವಾಗಳ ಬಗ್ಗೆ ಚಿಂತೆ ಬೇಡ. ಎರಡು ಮೂರು ಗಂಟೆ ಗಾಳಿಯಲ್ಲಿದ್ದರೆ ಏನೂ ಆಗೋದಿಲ್ಲ. ಸಮುದ್ರದಲ್ಲಿ ಇಳಿತದ ಹೊತ್ತಿಗೆ ಅವು ಹಾಗೇ ಕೂತಿರ್ತವೆ. ನಾಳೆ ತೆರೆದುಕೊಳ್ತವೆ. ಅಮ್ಮನ ಬಗ್ಗೆ ಚಿಂತೆ ಮಾಡಿ.


ಉಪ್ಪುನೀರು_ಜಯನಗರ | ಏಪ್ರಿಲ್ 19, ರಾತ್ರಿ 9:30

ಅಪ್‌ಡೇಟ್. ತುದಿಗೆ ಟೀ ಹಾಕಿಸಿದೆ. ಈಗ ಕರೆಂಟ್ ಹೋದರೆ ಸಂಪ್ 32ಕ್ಕೆ ಬಂದು ನಿಲ್ಲುತ್ತೆ. ಬೇಕೂಂತಲೇ ತೂತಿಗೆ ಬೆರಳಿಟ್ಟು ನೋಡಿದೆ, ಆಗಲೂ 32. ಆರ್‌ಸಿಸಿಬಿ ಹಾಕಿಸಿದೆ.

ಆವಿ: 4 ಲೀಟರ್ ಇದ್ದದ್ದು ಈಗ 7.5. ಕಡಲತಡಿ ಸಾರ್ ಹೇಳಿದ ಹಾಗೇ ಆಯಿತು. ಆದರೆ ಒಂದು ವಿಚಿತ್ರ. ಕಳೆದ ಬೇಸಿಗೆಯಲ್ಲಿ ಟ್ಯಾಂಕ್ 29 ಡಿಗ್ರಿ ಮುಟ್ಟುತ್ತಿತ್ತು. ಈ ಸಲ ಅದೇ ಫ್ಯಾನ್, 27 ದಾಟಿಲ್ಲ. ಚಿಲ್ಲರ್‌ಗೆ ಅಂತ ಎತ್ತಿಟ್ಟ ದುಡ್ಡು ಹಾಗೇ ಇದೆ.

ಲೈಟ್: ಗೆಳೆಯನ ಪಾರ್ ಮೀಟರ್ ಎರವಲು ತಂದೆ. 20 ಸೆಂ.ಮೀ. ಎತ್ತರದಲ್ಲಿ ನಡುವೆ 310, ಮೂಲೆಯಲ್ಲಿ 60. ಮೈಸೂರಿನವರು ಹೇಳಿದ ಹಾಗೆ 45ಕ್ಕೆ ಎತ್ತಿದ ಮೇಲೆ ನಡುವೆ 140, ಮೂಲೆಯಲ್ಲಿ 85. ಅಣಬೆಗಳನ್ನು ಮೂಲೆಗೆ ಸರಿಸಿದೆ.


ಮೈಸೂರು_ರೀಫ್ | ಏಪ್ರಿಲ್ 19, ರಾತ್ರಿ 10:15

ವಿಚಿತ್ರ ಅಲ್ಲ ಸಾರ್, ಅದೇ ಬಸಿ ಕಾಫಿ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.67 ಯೂನಿಟ್‌ನಷ್ಟು ಶಾಖ ಎತ್ತಿಕೊಂಡು ಹೋಗುತ್ತೆ. ನಿಮಗೆ ದಿನಕ್ಕೆ ಮೂರೂವರೆ ಲೀಟರ್ ಹೆಚ್ಚಾಗಿದೆ. ಅಂದರೆ ಹಗಲು ರಾತ್ರಿ 100 ವಾಟ್‌ನಷ್ಟು ಶಾಖ ಸುಮ್ನೆ ಹೊರಗೆ ಹೋಗ್ತಿದೆ. ಹರಿವಾಣವೇ ನಿಮ್ಮ ಚಿಲ್ಲರ್. ಮಳೆಗಾಲದಲ್ಲಿ ಗಾಳಿ ಒದ್ದೆ ಆದಾಗ ಇಷ್ಟು ಸಿಗೋದಿಲ್ಲ, ಆಗ ಬೇಕಾಗೋದೂ ಇಲ್ಲ. ಡಿಸೆಂಬರ್‌ನಲ್ಲಿ ಮಾತ್ರ ಹೀಟರ್ ನೋಡಿಕೊಳ್ಳಿ.


ಗ್ಯಾರೇಜ್_ರೀಫ್ | ಏಪ್ರಿಲ್ 20, ಬೆಳಿಗ್ಗೆ 8:20

ಡಿಸೆಂಬರ್ ಅಂದ ಕೂಡಲೇ ನನ್ನ ವಿದ್ಯುತ್ ಬಿಲ್ ನೆನಪಾಯಿತು.

ತುಂಡುಗಳನ್ನು ಹೇಗೆ ಅಂಟಿಸಿದಿರಿ? ಲೆದರ್ ನನ್ನ ಹತ್ತಿರ ಅಂಟಿನಲ್ಲಿ ಎರಡು ದಿನವೂ ನಿಲ್ಲೋದಿಲ್ಲ.


ಉಪ್ಪುನೀರು_ಜಯನಗರ | ಏಪ್ರಿಲ್ 20, ಸಂಜೆ 7:00

ಝೋವಾಗೆ ಫೆವಿಕ್ವಿಕ್ ಜೆಲ್ ಸಾಕಾಯಿತು. ಕಲ್ಲಿನ ಚೂರು ಸಮೇತ ಎಬ್ಬಿಸಿ, ಕೆಳಗೆ ಒರೆಸಿ ಒಣಗಿಸಿ, ಹನಿ ಹಾಕಿ ಒತ್ತಿದ್ದು. ಲೆದರ್‌ಗೆ ಅಂಟು ನಡೆಯೋದಿಲ್ಲ, ಲೋಳೆ ಬಿಟ್ಟು ಜಾರುತ್ತೆ. ಅಮ್ಮ ನೋಡ್ತಾ ನಿಂತಿದ್ದರು. "ಮಲ್ಲಿಗೆ ಕಟ್ಟೋ ಹಾಗೆ ಕಟ್ಟೋ" ಅಂದರು. ಗ್ಲೌಸ್ ಹಾಕಿಸಿ ಕೈಗೆ ದಾರ ಕೊಟ್ಟೆ. ಪ್ಲಗ್‌ಗೆ ಎರಡು ಸುತ್ತು, ಒಂದು ಸಡಿಲ ಗಂಟು. ನಾನು ಬಿಗಿದು ಕಟ್ಟಿದ ಎರಡು ದಾರ ಲೆದರನ್ನೇ ಕೊಯ್ದು ಹೊರಬಂತು. ಅವರು ಕಟ್ಟಿದ ಐದೂ ಹತ್ತು ದಿನದಲ್ಲಿ ಕಚ್ಚಿಕೊಂಡಿವೆ. ಅಣಬೆಗಳನ್ನು ಕಲ್ಲುಚೂರು ಹಾಕಿದ ಡಬ್ಬದಲ್ಲಿ ಬಿಟ್ಟು, ಮೇಲೆ ಬಲೆ ಕಟ್ಟಿದ್ದೇನೆ. ತಾವೇ ಹಿಡ್ಕೊಳ್ತವೆ.


ಹೊಸಬ_23 | ಏಪ್ರಿಲ್ 20, ರಾತ್ರಿ 8:30

ಸಾರ್, ಅಕ್ರೋಪೋರಾ ಆಸೆ ಬಿಟ್ಟೆ. ಯುಟಿಲಿಟಿಯಲ್ಲಿ 20 ಲೀಟರ್ ಟ್ಯಾಂಕ್ ಕೂಡ ರೆಡಿ ಮಾಡಿದ್ದೇನೆ, ಅಕ್ಕ ಹೇಳಿದ ಹಾಗೆ. ಒಂದು ಹಸಿರು ಝೋವಾ ತುಂಡು ಸಿಗಬಹುದಾ?


ಉಪ್ಪುನೀರು_ಜಯನಗರ | ಏಪ್ರಿಲ್ 20, ರಾತ್ರಿ 8:45

ಖಂಡಿತ. ಭಾನುವಾರ ಬೆಳಿಗ್ಗೆ ಬನ್ನಿ, ಅಮ್ಮ ಕಟ್ಟಿದ ಲೆದರ್ ಕೂಡ ಒಂದು ಕೊಡ್ತೀನಿ. ಡಬ್ಬ ಮಾತ್ರ ನೀವೇ ತನ್ನಿ. ನಮ್ಮ ಮನೆ ಡಬ್ಬ ಯಾವುದನ್ನೂ ಮುಟ್ಟೋ ಹಾಗಿಲ್ಲ ಅಂತ ಆರ್ಡರ್ ಆಗಿದೆ.